ಮೌಸಿಗೆ ಬದಲಾಗಿ ಏನನ್ನು ಬಳಸಬಹುದು? ಕರಡು ತಿದ್ದುವವನ ಮಣಿಕಟ್ಟಿನ ನೋವು

ಕರಡಚ್ಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪುಸ್ತಕಗಳ ಕರಡು ತಿದ್ದುವ ಕೆಲಸದಲ್ಲಿದ್ದೇನೆ. ದಿನಕ್ಕೆ ಏಳೆಂಟು ಗಂಟೆ ಕಂಪ್ಯೂಟರಿನ ಮುಂದೆ ಕಳೆಯುತ್ತದೆ. ಟೈಪಿಸುವುದು ನುಡಿ ತಂತ್ರಾಂಶದಲ್ಲಿ. ಆರು ತಿಂಗಳಿಂದ ಬಲಗೈ ಮಣಿಕಟ್ಟಿನಲ್ಲಿಯೂ ಹೆಬ್ಬೆರಳಿನ ಬುಡದಲ್ಲಿಯೂ ನೋವಿದ್ದು, ಸಂಜೆಯಾಗುವಷ್ಟರಲ್ಲಿ ಎರಡೂ ಕಿರುಬೆರಳುಗಳು ಸೆಟೆದುಕೊಳ್ಳುತ್ತವೆ. ಮೌಸಿನ ಬಳಕೆಯನ್ನು ತಗ್ಗಿಸಬೇಕೆಂದು ವೈದ್ಯರು ಹೇಳಿದ್ದಾರೆ. ಅಂಗಡಿಯವರು ಹೆಬ್ಬೆರಳಿನಿಂದ ಉರುಳಿಸುವ ಟ್ರ್ಯಾಕ್‌ಬಾಲ್ ಒಂದನ್ನು ತೋರಿಸಿದರು. ಸ್ನೇಹಿತರೊಬ್ಬರು, ಕಣ್ಣಾಡಿಸಿದರೆ ಸಾಕು, ಕೈಯೇ ಬೇಡವೆನ್ನುವ ಸಾಧನಗಳೂ ಇವೆ ಎಂದರು. ಇವೆಲ್ಲ ಹೇಗೆ ಕೆಲಸ ಮಾಡುತ್ತವೆ, ನನ್ನಂಥವರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಬಳಸಿದವರು ತಿಳಿಸಬೇಕಾಗಿ ವಿನಂತಿ.

ಉರುಳುಗುಂಡು

ಹೆಬ್ಬೆರಳಿನ ಬುಡದಲ್ಲಿ ನೋವಿರುವವರಿಗೆ ಹೆಬ್ಬೆರಳಿನ ಟ್ರ್ಯಾಕ್‌ಬಾಲ್ ತೋರಿಸಿದ ಅಂಗಡಿಯವರಿಗೆ ಏನು ಹೇಳೋಣ! ದಯವಿಟ್ಟು ಅದನ್ನು ಕೊಳ್ಳಬೇಡಿ. ಗುಂಡು ನಡುವೆಯಿದ್ದು, ತೋರುಬೆರಳು ಮತ್ತು ನಡುಬೆರಳುಗಳಿಂದ ಉರುಳಿಸುವಂಥ ದೊಡ್ಡ ಗುಂಡಿನ ಮಾದರಿಗಳೂ ಸಿಗುತ್ತವೆ. ನಾನು ಒಂಬತ್ತು ವರ್ಷಗಳಿಂದ ಬಳಸುತ್ತಿರುವುದು ಅಂಥದ್ದನ್ನೇ.

ಅದು ಕೆಲಸ ಮಾಡುವ ಬಗೆ ಸರಳವಾಗಿದೆ. ಮೌಸನ್ನು ಅಂಗಾತ ಮಲಗಿಸಿದಂತೆ ಎಂದುಕೊಳ್ಳಿ. ಮೌಸಿನಲ್ಲಿ ಸಾಧನ ಸರಿದಾಡುತ್ತದೆ, ಮೇಜು ನಿಂತಿರುತ್ತದೆ. ಇಲ್ಲಿ ಸಾಧನ ನಿಂತಿದ್ದು ಗುಂಡು ತಿರುಗುತ್ತದೆ. ಗುಂಡಿನ ಕೆಳಗಿರುವ ಪುಟ್ಟ ದೀಪ ಅದರ ಮೈಮೇಲೆ ಬೆಳಕು ಚೆಲ್ಲುತ್ತದೆ, ಪಕ್ಕದ ಸಂವೇದಕವು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಅದರ ಚಿಕ್ಕ ಚಿತ್ರ ತೆಗೆದು, ಹಿಂದಿನ ಚಿತ್ರದೊಡನೆ ಹೋಲಿಸಿ, ಗುಂಡು ಯಾವ ಕಡೆಗೆ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ತತ್ತ್ವ ಹೊಸದೇನಲ್ಲ: 1952ರ ಸುಮಾರಿಗೆ ಕೆನಡಾದ ನೌಕಾಪಡೆಯ ಡೇಟಾರ್ ಯೋಜನೆಗಾಗಿ ರೂಪಿಸಿದ ಟ್ರ್ಯಾಕ್‌ಬಾಲಿನಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಕೂರಿಸಿದ್ದರು.

ಒಂದು ಮಾತು ಗಮನದಲ್ಲಿರಲಿ. ಗುಂಡು ಕೂರುವ ಗುಳಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಮೂರು ಆಧಾರಬಿಂದುಗಳಿರುತ್ತವೆ. ಕೈಬೆರಳಿನ ಜಿಡ್ಡೂ ಧೂಳೂ ಸೇರಿ ಅಲ್ಲಿ ಬೂದು ಬಣ್ಣದ ಉಂಡೆ ಕಟ್ಟಿಕೊಂಡಾಗ ಬಾಣವು ಪರದೆಯ ಮೇಲೆ ಕುಂಟತೊಡಗುತ್ತದೆ. ವಾರಕ್ಕೊಮ್ಮೆ ಗುಂಡನ್ನು ಹೊರತೆಗೆದು ಒಣಬಟ್ಟೆಯಿಂದ ಒರೆಸಿದರೆ ಮುಗಿಯಿತು. ಇದನ್ನು ತಿಳಿಯದೆ ನಾನು ಮೊದಲನೆಯ ಸಾಧನವನ್ನು ಕೆಟ್ಟಿತೆಂದು ಬಿಸಾಡಿದ್ದೆ.

ತುಂಗಾತೀರ

ಕಣ್ಣಿನ ಸಾಧನದ ಬಗ್ಗೆ ನಾನು ಹೇಳಬಲ್ಲೆ. ಬೆನ್ನುಹುರಿಗೆ ಪೆಟ್ಟುಬಿದ್ದ ಮೇಲೆ ನನ್ನ ತಮ್ಮನಿಗೆ ಕೈಗಳು ಆಡುವುದಿಲ್ಲ. ಅವನು ನಾಲ್ಕು ವರ್ಷಗಳಿಂದ ಅದರಲ್ಲಿಯೇ ಪತ್ರ ಬರೆಯುತ್ತಾನೆ, ಬ್ಯಾಂಕಿನ ವ್ಯವಹಾರ ನೋಡಿಕೊಳ್ಳುತ್ತಾನೆ.

ಪರದೆಯ ಕೆಳಗಿನ ಪಟ್ಟಿಯಿಂದ ಅವಕೆಂಪು ಬೆಳಕು ಕಣ್ಣಿನ ಮೇಲೆ ಬೀಳುತ್ತದೆ. ಆ ಬೆಳಕು ಕಣ್ಣಿನ ಮುಂಪದರದಲ್ಲಿ ಒಂದು ಹೊಳೆಯುವ ಚುಕ್ಕಿಯಾಗಿ ಪ್ರತಿಫಲಿಸುತ್ತದೆ. ಕಣ್ಣು ಹೊರಳಿದಾಗ ಪಾಪೆಯ ನಡುವಿಗೂ ಆ ಚುಕ್ಕಿಗೂ ಇರುವ ಅಂತರ ಬದಲಾಗುವುದರಿಂದ, ದೃಷ್ಟಿ ಪರದೆಯ ಯಾವ ಭಾಗದಲ್ಲಿ ನೆಟ್ಟಿದೆಯೆಂದು ಕ್ಯಾಮೆರಾ ಅಂದಾಜಿಸುತ್ತದೆ. ಕ್ಲಿಕ್ ಮಾಡಲು ಒಂದೇ ಕಡೆ ಕೆಲಕಾಲ ನೋಡುತ್ತಿದ್ದರಾಯಿತು. ತೊಡಕಿರುವುದೂ ಅಲ್ಲಿಯೇ. ಕಣ್ಣಿರುವುದು ನೋಡಲಿಕ್ಕೆ, ಒತ್ತಲಿಕ್ಕಲ್ಲ; ಸುಮ್ಮನೆ ಓದುತ್ತ ಒಂದು ಪದದ ಮೇಲೆ ತಡೆದು ನಿಂತರೂ ಅದು ಕ್ಲಿಕ್ ಆಗಿಬಿಡುತ್ತದೆ. ತಮ್ಮನು ಆರಂಭದಲ್ಲಿ ಹೀಗೆಯೇ ಅರ್ಧ ಬರೆದ ಪತ್ರವೊಂದನ್ನು ಕಳುಹಿಸಿಬಿಟ್ಟಿದ್ದ. ಈಗ ತಲೆಯ ಪಕ್ಕದಲ್ಲಿ ಒಂದು ಗುಂಡಿ ಇರಿಸಿದ್ದೇವೆ: ತೋರಿಸುವುದು ಕಣ್ಣು, ಒತ್ತುವುದು ತಲೆ. ಸ್ಟೀಫನ್ ಹಾಕಿಂಗ್ ಅವರಂತೂ ಕೊನೆಯ ವರ್ಷಗಳಲ್ಲಿ ತೋರಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟಿದ್ದರು. ಪರದೆಯ ಮೇಲೆ ಆಯ್ಕೆಗಳು ತಾವಾಗಿಯೇ ಒಂದಾದಮೇಲೊಂದು ಬೆಳಗುತ್ತಿದ್ದವು, ಬೇಕಾದುದು ಬಂದಾಗ ಅವರು ಕೆನ್ನೆಯ ಸ್ನಾಯುವನ್ನು ಕದಲಿಸಿದರೆ ಕನ್ನಡಕಕ್ಕೆ ಜೋಡಿಸಿದ್ದ ಸಂವೇದಕ ಅದನ್ನು ಗ್ರಹಿಸುತ್ತಿತ್ತು.

ಆದರೆ ಕರಡು ತಿದ್ದುವ ಕೆಲಸಕ್ಕೆ ಇದು ಬೇಡ. ಒಂದು ಡಿಗ್ರಿಯಷ್ಟು ತಪ್ಪಿದರೂ ಅರುವತ್ತು ಸೆಂಟಿಮೀಟರ್ ದೂರದ ಪರದೆಯ ಮೇಲೆ ಅದು ಸುಮಾರು ಒಂದು ಸೆಂಟಿಮೀಟರ್ ಆಗುತ್ತದೆ. ಒತ್ತಕ್ಷರವೊಂದನ್ನು ಅಳಿಸಲು ಎರಡು ಅಕ್ಷರಗಳ ನಡುವೆ ಬಾಣವನ್ನು ನಿಲ್ಲಿಸಬೇಕಾದ ನಿಮಗೆ ಅಷ್ಟು ತಪ್ಪಿದರೆ ಪದವೇ ಬೇರೆಯಾಗುತ್ತದೆ.

ಶಿಫ್ಟು

ಇಬ್ಬರೂ ಮೌಸಿನ ಬಗ್ಗೆಯೇ ಬರೆದಿದ್ದಾರೆ. ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದುದು ಕಿರುಬೆರಳು. ಅದಕ್ಕೂ ಮೌಸಿಗೂ ಏನು ಸಂಬಂಧ? ನುಡಿಯ ಕೀಲಿಮಣೆಯಲ್ಲಿ ಮಹಾಪ್ರಾಣಗಳಿಗೂ ದೀರ್ಘ ಸ್ವರಗಳಿಗೂ ಶಿಫ್ಟ್ ಒತ್ತಬೇಕು. ‘ಆಧಾರ’ ಎಂದು ಬರೆದು ನೋಡಿ: ನಾಲ್ಕು ಅಕ್ಷರಕೀಲಿಗಳಲ್ಲಿ ಮೂರಕ್ಕೆ ಶಿಫ್ಟ್ ಬೇಕು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸಕ್ಕೆ ಬದಲಾಯಿಸಿದರೂ ಶಿಫ್ಟಿನ ಕಾಟ ತಪ್ಪದು. ಅಲ್ಲಿ ಮಹಾಪ್ರಾಣದ ಜೊತೆಗೆ ಪದದ ಮೊದಲಲ್ಲಿ ಬರುವ ‘ಅ’ಕಾರಕ್ಕೂ ಅದೇ ಬೇಕು.

ಆದ್ದರಿಂದ ಕಾಲಿಗೂ ಸ್ವಲ್ಪ ಕೆಲಸ ಕೊಡಿ. ಯುಎಸ್‌ಬಿ ಪೆಡಲು ಹೊಲಿಗೆಯಂತ್ರದ ಪೆಡಲಿನಷ್ಟೇ ಸರಳ: ಒಳಗೆ ಒಂದು ಸ್ವಿಚ್ಚು, ಒಂದು ಪುಟ್ಟ ಚಿಪ್ಪು. ಕಂಪ್ಯೂಟರಿನ ಮಟ್ಟಿಗೆ ಅದೂ ಒಂದು ಕೀಲಿಮಣೆಯೇ, ಕೀಲಿ ಮಾತ್ರ ಒಂದೇ. ಅದಕ್ಕೆ ಶಿಫ್ಟನ್ನು ವಹಿಸಿದರೆ ಎರಡೂ ಕಿರುಬೆರಳುಗಳಿಗೆ ಬಿಡುವು ಸಿಗುತ್ತದೆ. ಕೊಳ್ಳುವಾಗ ಒಂದನ್ನು ಕೇಳಿ ತಿಳಿಯಿರಿ: ಕಾಲು ಇಟ್ಟಿರುವಷ್ಟು ಹೊತ್ತೂ ಕೀಲಿ ಒತ್ತಿದಂತೆಯೇ ಇರಬೇಕು. ಕೆಲವು ಪೆಡಲುಗಳು ಒಮ್ಮೆ ಸಂಕೇತ ಕಳುಹಿಸಿ ಸುಮ್ಮನಾಗುತ್ತವೆ. ಅಂಥವು ಶಿಫ್ಟಿಗೆ ನಿರುಪಯೋಗಿ. ಹಣ ಖರ್ಚು ಮಾಡುವ ಮೊದಲು ವಿಂಡೋಸಿನಲ್ಲಿಯೇ ಇರುವ ಸ್ಟಿಕಿ ಕೀಸ್ ಸೌಲಭ್ಯವನ್ನು ಪರೀಕ್ಷಿಸಬಹುದು. ಶಿಫ್ಟನ್ನು ಸತತವಾಗಿ ಐದು ಬಾರಿ ಒತ್ತಿದರೆ ಅದನ್ನು ಚಾಲೂ ಮಾಡಲೇ ಎಂದು ಕೇಳುತ್ತದೆ. ಆಮೇಲೆ ಶಿಫ್ಟನ್ನು ಹಿಡಿದಿಡಬೇಕಿಲ್ಲ, ತಟ್ಟಿ ಬಿಟ್ಟು ಅಕ್ಷರವನ್ನು ಒತ್ತಿದರೆ ಸಾಕು.

ಕರಡಚ್ಚು

ಮೂವರಿಗೂ ಧನ್ಯವಾದಗಳು. ನಿನ್ನೆ ಒಂದು ಪುಟವನ್ನು ಟೈಪಿಸುವಾಗ ಶಿಫ್ಟಿನ ಎಣಿಕೆ ಇಡಲು ಹೊರಟೆ. ಅರ್ಧ ಪುಟಕ್ಕೇ ನೂರು ದಾಟಿತು, ಅಲ್ಲಿಗೆ ಎಣಿಸುವುದನ್ನು ಬಿಟ್ಟೆ. ಇಷ್ಟು ವರ್ಷ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಸ್ನೇಹಿತರ ಬಳಿಯಿದ್ದ ಪೆಡಲನ್ನು ಎರವಲು ತಂದಿದ್ದೇನೆ. ಅದು ಹಿಡಿದಿಡುವ ಬಗೆಯದೇ. ಆದರೆ ಕಾಲು ಇಟ್ಟಾಗಲೆಲ್ಲ ನುಣುಪು ನೆಲದ ಮೇಲೆ ಜಾರಿ ಗೋಡೆಯ ಕಡೆಗೆ ಹೋಗುತ್ತದೆ. ದೊಡ್ಡ ಗುಂಡಿನ ಟ್ರ್ಯಾಕ್‌ಬಾಲನ್ನು ಮುಂದಿನ ತಿಂಗಳು ನೋಡುತ್ತೇನೆ.

ಶಿಫ್ಟು

ಪೆಡಲಿನ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಅಂಟಿಸಿ, ಚಪ್ಪಲಿಯಿಲ್ಲದೆ ಬರಿಗಾಲಿನಲ್ಲಿ ಒತ್ತಿ. ಹಿಮ್ಮಡಿ ನೆಲಕ್ಕೆ ಊರಿರಲಿ, ಮುಂಗಾಲು ಮಾತ್ರ ಆಡಲಿ; ಇಲ್ಲವಾದರೆ ನೋವು ಮಣಿಕಟ್ಟಿನಿಂದ ಮೀನಖಂಡಕ್ಕೆ ಇಳಿದೀತು.