71 ವಯಸ್ಸು, ನ್ಯೂಜೆರ್ಸಿಯಿಂದ ಫ್ಲೋರಿಡಾಗೆ ಮೂರು ವಾರ: ಯಾವ ಫಿಶಿಂಗ್ ಲೈಸೆನ್ಸ್ ತಗೊಳ್ಳಲಿ?

ಗಾಳದ ತಾತ

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ, ವಯಸ್ಸು 71. ಇಲ್ಲಿಯವರಿಗೆ 70 ತುಂಬಿದ ಮೇಲೆ ಕೆರೆ, ಹೊಳೆಯಲ್ಲಿ ಮೀನು ಹಿಡಿಯಲು ಲೈಸೆನ್ಸೇ ಬೇಡ. ಹಾಗಾಗಿ ಈ ತಲೆನೋವು ಮರೆತೇಹೋಗಿತ್ತು. ನವೆಂಬರ್ 18ಕ್ಕೆ ನಾನು, ನನ್ನ ಹೆಂಡತಿ ಟ್ಯಾಂಪಾದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ, ಮೂರು ವಾರ ಇರುತ್ತೇವೆ. ಫ್ಲೋರಿಡಾದಲ್ಲಿ 65 ದಾಟಿದರೆ ಎಲ್ಲ ಫ್ರೀ ಅಂತ ವಾಕಿಂಗ್ ಸ್ನೇಹಿತರೊಬ್ಬರು ಖಡಾಖಂಡಿತವಾಗಿ ಹೇಳಿದರು. ಆದರೆ ವೆಬ್‌ಸೈಟ್ ತೆಗೆದರೆ 3 ದಿನ, 7 ದಿನ, ವರ್ಷ, ಸಿಹಿನೀರು, ಉಪ್ಪುನೀರು ಅಂತ ಪಟ್ಟಿ ಉದ್ದಕ್ಕೆ ಹೋಗುತ್ತದೆ. ನಾನು ಹಿಡಿಯುವುದು ಹೆಚ್ಚಾಗಿ ಸಮುದ್ರದ ಕಡೆ, ವಾರಕ್ಕೆ ಎರಡು ಮೂರು ಸಲ. ಜೊತೆಗೆ 11 ವರ್ಷದ ಮೊಮ್ಮಗ ಇರುತ್ತಾನೆ. ಹೆಂಡತಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂರುತ್ತಾಳೆ, ಗಾಳ ಮುಟ್ಟುವುದಿಲ್ಲ. ಯಾರಿಗೆ ಏನು ಬೇಕು?

ಟ್ಯಾಂಪಾ ಕಡಲು

ಸಾರ್, ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ನಿಜ. 65ರ ವಿನಾಯಿತಿ ಫ್ಲೋರಿಡಾ ನಿವಾಸಿಗಳಿಗೆ ಮಾತ್ರ, ಅದಕ್ಕೆ ಇಲ್ಲಿಯದೇ ಡ್ರೈವಿಂಗ್ ಲೈಸೆನ್ಸ್ ಅಥವಾ ಐಡಿ ತೋರಿಸಬೇಕು. ಮಗಳ ಮನೆ ವಿಳಾಸ ಕೊಟ್ಟರೆ ನಡೆಯುತ್ತದಾ ಅಂತ ಯೋಚಿಸಬೇಡಿ, ನಡೆಯಲ್ಲ. ಹೊರಗಿನವರಿಗೆ 40 ಆದರೂ ಒಂದೇ, 80 ಆದರೂ ಒಂದೇ. ಪಕ್ಕದ ರಾಜ್ಯದ ಹಿರಿಯರಿಗೆ ರಿಯಾಯಿತಿ ಕೊಡುವ ಕಡೆಯೂ ಉಂಟು, ಲೂಸಿಯಾನದವರಿಗೆ ಟೆಕ್ಸಾಸ್‌ನಲ್ಲಿ ಹಾಗೊಂದು ಒಪ್ಪಂದ ಇದೆ. ನ್ಯೂಜೆರ್ಸಿ ಪಾಪ ಯಾರಿಗೂ ಪಕ್ಕದ್ದಲ್ಲ ಇಲ್ಲಿ.

ಈಗ ಲೆಕ್ಕ. ಹೊರರಾಜ್ಯದವರಿಗೆ ಉಪ್ಪುನೀರಿನ ಲೈಸೆನ್ಸ್ 3 ದಿನಕ್ಕೆ 17 ಡಾಲರ್, 7 ದಿನಕ್ಕೆ 30, ವರ್ಷಕ್ಕೆ 47. ಆನ್‌ಲೈನ್‌ನಲ್ಲಿ ತಗೊಂಡರೆ ಮೇಲೆ ಸ್ವಲ್ಪ ಶುಲ್ಕ. ಎರಡು ಸಲ 7 ದಿನದ್ದು ತಗೊಂಡರೆ 60 ಆಗುತ್ತದೆ, ಆಗಲೂ ನಿಮ್ಮ ಮೂರನೇ ವಾರ ಖಾಲಿ. ಹಾಗಾಗಿ ಕಣ್ಣು ಮುಚ್ಚಿ ವರ್ಷದ್ದು ತಗೊಳ್ಳಿ. ಮಾರ್ಚ್‌ನಲ್ಲಿ ಇನ್ನೊಮ್ಮೆ ಬಂದರೂ ಅದೇ ನಡೆಯುತ್ತದೆ.

ಸಿಹಿನೀರಿನದು ಬೇರೆ ಲೈಸೆನ್ಸ್, ಅದಕ್ಕೂ ವರ್ಷಕ್ಕೆ 47. ಮಗಳ ಮನೆ ಹಿಂದೆ ಕೆರೆ ಇದೆ, ಅಲ್ಲೂ ಒಂದು ಕೈ ನೋಡೋಣ ಅನ್ನಿಸಿದರೆ ಉಪ್ಪುನೀರಿನ ಕಾಗದ ಅಲ್ಲಿ ಕೆಲಸಕ್ಕೆ ಬರಲ್ಲ. ಹಿಡಿದು ವಾಪಸ್ ಬಿಡುತ್ತೇನೆ ಅಂದರೂ ಲೈಸೆನ್ಸ್ ಬೇಕೇ ಬೇಕು, ಇದರಲ್ಲಿ ತುಂಬಾ ಜನ ಎಡವುತ್ತಾರೆ. ದಡದ ಮೇಲೆ ನಿಂತು ಹಿಡಿಯುವವರಿಗೆ ಅಂತ ಒಂದು ಉಚಿತ ಲೈಸೆನ್ಸ್ ಕಾಣಿಸುತ್ತದಲ್ಲ, ಅದೂ ನಿವಾಸಿಗಳಿಗೇ. ಮೊಮ್ಮಗನಿಗೆ ಏನೂ ಬೇಡ, 16 ತುಂಬುವವರೆಗೆ ಆರಾಮ. ಅಮ್ಮನವರು ಕುರ್ಚಿಯಲ್ಲಿ ಕೂರಲು ಯಾವ ರಾಜ್ಯವೂ ದುಡ್ಡು ಕೇಳಲ್ಲ :) ಆದರೆ "ಸ್ವಲ್ಪ ನೀನೂ ಎಸೆದು ನೋಡು" ಅಂತ ಅವರ ಕೈಗೆ ರಾಡ್ ಕೊಟ್ಟರೆ ಅವರಿಗೂ ಒಂದು ಬೇಕು.

ಒರ್ಲ್ಯಾಂಡೊ ಮಗಳು

ಅಂಕಲ್, ಸಣ್ಣ ಅನುಭವ ಹೇಳುತ್ತೇನೆ. ನಮ್ಮಪ್ಪ ಬಂದಾಗ ಉಳಿತಾಯ ಅಂತ 3 ದಿನದ್ದು ತಗೊಂಡೆ. ಅದು ಶುರುವಾದ ದಿನದಿಂದ ಸಾಲಾಗಿ ಮೂರು ದಿನ, ನಮಗೆ ಬೇಕಾದ ಮೂರು ದಿನ ಅಲ್ಲ, ಇದು ನನ್ನ ತಲೆಗೇ ಹೋಗಲಿಲ್ಲ. ಮೊದಲ ದಿನ ಅಪ್ಪನಿಗೆ ಶೀತ, ಎರಡನೇ ದಿನ ಬೆಳಗ್ಗೆಯಿಂದ ಸಂಜೆವರೆಗೆ ಮಳೆ. ಮೂರನೇ ದಿನ ಹೋದರು, ಅಂಗೈಯಷ್ಟು ಉದ್ದದ ಒಂದು ಮೀನು ಸಿಕ್ಕಿತು, ಅಳತೆಗೆ ಬರಲಿಲ್ಲ ಅಂತ ನೀರಿಗೇ ಬಿಟ್ಟರು. ಅದಕ್ಕಿಂತ ಜಾಸ್ತಿ ಬೇಜಾರು ಆಗಿದ್ದು ಬೇರೆ. ಗಡಿಬಿಡಿಯಲ್ಲಿ ಸರ್ಚ್ ಮಾಡಿ ಮೇಲೆ ಬಂದ ಯಾವುದೋ ಸೈಟಲ್ಲಿ ಫಾರ್ಮ್ ತುಂಬಿದ್ದೆ, ನೋಡಲು ಸರ್ಕಾರದ್ದೇ ಥರ ಇತ್ತು, ದುಡ್ಡು ತಗೊಂಡು ಲೈಸೆನ್ಸ್ ಬದಲು "ಮಾಹಿತಿ ಕೈಪಿಡಿ" ಕಳಿಸಿದರು. ಗೋ ಔಟ್‌ಡೋರ್ಸ್ ಫ್ಲೋರಿಡಾ, ಅಥವಾ ಫಿಶ್ ಹಂಟ್ ಎಫ್‌ಎಲ್ ಆ್ಯಪ್, ಇವೆರಡು ಬಿಟ್ಟು ಬೇರೆ ಕಡೆ ಕಾರ್ಡ್ ನಂಬರ್ ಹಾಕಬೇಡಿ.

ಗಾಳದ ತಾತ

ಇಬ್ಬರಿಗೂ ಥ್ಯಾಂಕ್ಸ್. ಮಗಳು ಸ್ಕೈವೇ ಪಿಯರ್ ಅಂತ ಒಂದು ಜಾಗ ಹೇಳುತ್ತಿದ್ದಾಳೆ, ಸಮುದ್ರದೊಳಕ್ಕೆ ಚಾಚಿದ ಕಟ್ಟೆ. ಅಲ್ಲಿ ಲೈಸೆನ್ಸೇ ಬೇಡ ಅಂತೆ, ಹೌದಾ? ಹಾಗಿದ್ದರೆ 47 ಯಾಕೆ ಕೊಡಲಿ?

ಹೆಜ್ಜಾರ್ಲೆ

ಹೌದು ಸಾರ್, ಆ ಪಿಯರ್‌ಗೇ ಒಂದು ಲೈಸೆನ್ಸ್ ಇದೆ, ಅದರ ಮೇಲೆ ನಿಂತು ಹಿಡಿಯುವ ಎಲ್ಲರಿಗೂ ಅದು ಅನ್ವಯಿಸುತ್ತದೆ. ಪ್ರವೇಶ ಶುಲ್ಕ ಮಾತ್ರ ಕೊಡಬೇಕು. 1980ರಲ್ಲಿ ಹಡಗು ಗುದ್ದಿ ಕುಸಿದ ಹಳೇ ಸೇತುವೆಯ ಉಳಿದ ತುಂಡು ಅದು, ಆವತ್ತು 35 ಜನ ಹೋದರು. ಪಕ್ಕದಲ್ಲೇ ಹೊಸ ಸೇತುವೆ ಕಾಣುತ್ತದೆ. ಹಿರಿಯರಿಗೆ ಅನುಕೂಲ ಏನೆಂದರೆ ಕಾರನ್ನು ಪಿಯರ್ ಮೇಲೆಯೇ ತಗೊಂಡು ಹೋಗಬಹುದು. ಡಿಕ್ಕಿ ತೆಗೆದು, ಕುರ್ಚಿ ಹಾಕಿ, ಅಲ್ಲೇ ಕೂತು ಎಸೆಯುವುದು. ಚಂಡಮಾರುತ ಬಂದು ಹೋದ ಮೇಲೆ ರಿಪೇರಿಗೆ ಮುಚ್ಚಿರುವುದುಂಟು, ಹೊರಡುವ ಮುಂಚೆ ಫೋನ್ ಮಾಡಿ.

ಇನ್ನೊಂದು. ಹೆಜ್ಜಾರ್ಲೆಗಳು ದಾರಕ್ಕೆ ಸಿಕ್ಕಿ ಸಾಯುತ್ತವೆ ಅಂತ 2023ರಿಂದ ಅಲ್ಲಿ ಹೊಸ ನಿಯಮ ಬಂದಿದೆ. ಒಬ್ಬರಿಗೆ ಎರಡೇ ರಾಡ್. ನವೆಂಬರ್ 16ರಿಂದ ಮಾರ್ಚ್ 15ರವರೆಗೆ ಮೂರು ಮೊನೆಯ ಕೊಕ್ಕೆ ಬಳಸುವಂತಿಲ್ಲ, ನೀವು ಸರಿಯಾಗಿ ಅದೇ ಸಮಯಕ್ಕೆ ಬರುತ್ತಿದ್ದೀರಿ. ಆನ್‌ಲೈನ್ ಪಾಠ ಒಂದನ್ನು ವರ್ಷಕ್ಕೊಮ್ಮೆ ಮುಗಿಸಿರಬೇಕು. ಹಕ್ಕಿ ಸಿಕ್ಕಿಕೊಂಡರೆ ಗಾಬರಿಯಲ್ಲಿ ದಾರ ಕತ್ತರಿಸಬೇಡಿ, ನಿಧಾನಕ್ಕೆ ಹತ್ತಿರ ಎಳೆದು ಕೊಕ್ಕೆ ಬಿಡಿಸಬೇಕು. ಹೋದ ವರ್ಷ ನನ್ನ ದಾರಕ್ಕೇ ಒಂದು ಬಿದ್ದಿತ್ತು, ರೆಕ್ಕೆ ಬಡಿದು ನನ್ನ ಕನ್ನಡಕ ಸಮುದ್ರಕ್ಕೆ ಹೋಯಿತು. ಹಕ್ಕಿ ಚೆನ್ನಾಗಿದೆ.

ಟ್ಯಾಂಪಾ ಕಡಲು

ಪಿಯರ್ ಮಾತ್ರ ಸಾಕು ಅಂದರೆ 47 ಬೇಡ, ಒಪ್ಪುತ್ತೇನೆ. ಬಾಡಿಗೆ ದೋಣಿಯಲ್ಲಿ ಹೋದರೂ ಹಾಗೆಯೇ, ಕ್ಯಾಪ್ಟನ್ ಹತ್ತಿರ ಇರುವ ಲೈಸೆನ್ಸ್ ಕೂತವರಿಗೂ ಆಗುತ್ತದೆ. ಆದರೆ ಒಂದು ಸಂಜೆ ಬೀಚ್‌ನಲ್ಲಿ ನಡೆಯುತ್ತಾ ಮೀನು ನೆಗೆಯುವುದು ಕಂಡರೆ ನೀವು ಸುಮ್ನೆ ಇರುತ್ತೀರಾ? ಗಾಳ ಹಾಕುವವರ ಚಟ ನನಗೆ ಗೊತ್ತು. ಇನ್ನೊಂದು ದಾರಿ ಇದೆ: ಥ್ಯಾಂಕ್ಸ್‌ಗಿವಿಂಗ್ ಹಬ್ಬ (ನವೆಂಬರ್‌ನ ನಾಲ್ಕನೇ ಗುರುವಾರ) ಆದ ಮೇಲೆ ಬರುವ ಶನಿವಾರ, ಫ್ಲೋರಿಡಾದಲ್ಲಿ ಉಪ್ಪುನೀರಿಗೆ ಯಾರಿಗೂ ಲೈಸೆನ್ಸ್ ಬೇಡ, ಹೊರಗಿನವರಿಗೂ. ಅಳತೆ, ಎಷ್ಟು ಮೀನು ಅನ್ನುವ ನಿಯಮ ಮಾತ್ರ ಹಾಗೇ ಇರುತ್ತದೆ.

ಗಾಳದ ತಾತ

ನನ್ನ ಚಟ ಇಷ್ಟು ದೂರದಿಂದಲೇ ಗೊತ್ತಾಯಿತಲ್ಲ! ವರ್ಷದ ಉಪ್ಪುನೀರಿನದೇ ತಗೊಂಡೆ, ಫೋನಲ್ಲಿ ಬಂತು. ಕೆರೆಯ ಆಸೆ ಬಿಟ್ಟೆ. ಶನಿವಾರದ ವಿಷಯ ಹೇಳಿದ ತಕ್ಷಣ ಹೆಂಡತಿ "ಹಾಗಾದರೆ ಆವತ್ತು ನಾನೂ ಹಾಕುತ್ತೇನೆ" ಅಂದಳು. 44 ವರ್ಷದಲ್ಲಿ ಮೊದಲ ಸಲ. ಹಗುರವಾದ ರಾಡ್ ಯಾವುದು ಒಳ್ಳೆಯದು, ಯಾರಾದರೂ ಹೇಳ್ರಪ್ಪ.