ಲೇಖನ ಹುಡುಕಾಟ: ಆಟದ ಕ್ರಿಕೆಟ್ ಬೇಕು, ಹುಳದ ಕ್ರಿಕೆಟ್ ಬರ್ತಿದೆ

ಪ್ರಶ್ನೆ – ವೇಗದ_ಬೌಲಿಂಗ್
ನಮಸ್ಕಾರ. ವೇಗದ ಬೌಲರ್‌ಗಳ ಬೆನ್ನುಮೂಳೆ ಗಾಯದ ಬಗ್ಗೆ ಸಂಶೋಧನಾ ಸಮೀಕ್ಷೆ ಮಾಡ್ತಿದ್ದೇನೆ. ವೈದ್ಯಕೀಯ ಲೇಖನ ಹುಡುಕೋ ತಾಣ ಪಬ್‌ಮೆಡ್‌ನಲ್ಲಿ ‘ಕ್ರಿಕೆಟ್’ ಅಂತ ಹಾಕಿದರೆ ಜೀರುಂಡೆ ಲೇಖನಗಳ ರಾಶಿ ಬರುತ್ತೆ, ಇಂಗ್ಲಿಷಿನಲ್ಲಿ ಆ ಹುಳಕ್ಕೂ ‘ಕ್ರಿಕೆಟ್’ ಅಂತಲೇ ಹೆಸರು. ‘ನಾಟ್ ಇನ್ಸೆಕ್ಟ್’ (ಕೀಟ ಬೇಡ) ಅಂತ ಸೇರಿಸಿದರೂ ಅರ್ಧದಷ್ಟು ಹಾಗೇ ಉಳಿಯುತ್ತೆ. ‘ಬ್ಯಾಟ್’, ‘ಫೀಲ್ಡ್’, ‘ಪ್ಲೇ’ ಸೇರಿಸಿ ನೋಡಿದೆ, ಹುಳ ಬಿಡ್ತಿಲ್ಲ. ಬೇರ್ಪಡಿಸೋದು ಹೇಗೆ?

ಉತ್ತರ 1 – ಗ್ರಂಥಾಲಯ_ಮೇಜು
ನೀವು ಆರಿಸಿದ ಮೂರೂ ಪದ ಹುಳದ ಕಡೆಯೂ ಇವೆ. ಇಂಗ್ಲಿಷಿನಲ್ಲಿ ‘ಬ್ಯಾಟ್’ ಅಂದರೆ ಬಾವಲಿಯೂ ಹೌದು, ಬಾವಲಿ ಜೀರುಂಡೆ ಹಿಡಿದು ತಿನ್ನುತ್ತೆ. ‘ಫೀಲ್ಡ್ ಕ್ರಿಕೆಟ್’ ಹುಳದ ಹೆಸರೇ. ‘ಪ್ಲೇ’ ಕೊನೆಗೆ ನಕ್ಷತ್ರ ಚಿಹ್ನೆ (*, ಆ ಅಕ್ಷರಗಳಿಂದ ಶುರುವಾಗೋ ಎಲ್ಲ ಪದ ತರೋ ಗುರುತು) ಹಾಕಿದರೆ ‘ಪ್ಲೇಬ್ಯಾಕ್’ ಬರುತ್ತೆ. ಧ್ವನಿಮುದ್ರಿಸಿದ ಗಂಡಿನ ಹಾಡು ಕೇಳಿಸಿ ಹೆಣ್ಣಿನ ಚಲನೆ ಅಳೆಯೋದು ಜೀರುಂಡೆ ಸಂಶೋಧನೆಯ ಮಾಮೂಲಿ ಪ್ರಯೋಗ. ‘ಬ್ಯಾಟರ್’ ಕೊನೆಗೆ ನಕ್ಷತ್ರ ಹಾಕಿದರೆ ‘ಬ್ಯಾಟರಿ’ಯೂ ಸೇರಿಕೊಳ್ಳುತ್ತೆ.

‘ನಾಟ್ ಇನ್ಸೆಕ್ಟ್’ ಕೆಲಸ ಮಾಡದಿರೋದಕ್ಕೆ ಕಾರಣ ಇದು: ಹುಳದ ಮೇಲೆ ಕೆಲಸ ಮಾಡೋರು ಎಷ್ಟೋ ಸಲ ಸಾರಾಂಶದಲ್ಲಿ ‘ಗ್ರಿಲ್ಲಸ್ ಬೈಮ್ಯಾಕುಲೇಟಸ್’ ಅಂತ ಜಾತಿಯ ಹೆಸರಷ್ಟೇ ಬರೆದು ಮುಗಿಸ್ತಾರೆ, ‘ಇನ್ಸೆಕ್ಟ್’ ಪದವೇ ಇರೋದಿಲ್ಲ.

ಹಾಗಾಗಿ ಕಳೆಯೋದು ಬಿಟ್ಟು ಕೂಡಿಸಿ. ‘ಕ್ರಿಕೆಟ್’ ಜೊತೆಗೆ ಆವರಣದೊಳಗೆ ವಿಕೆಟ್, ಇನ್ನಿಂಗ್ಸ್, ಬೌಲರ್, ಬೌಲಿಂಗ್, ಕ್ರಿಕೆಟರ್, ಬ್ಯಾಟ್ಸ್‌ಮನ್, ಬ್ಯಾಟರ್ ಇವನ್ನು ‘ಆರ್’ (ಅಥವಾ)ನಿಂದ ಜೋಡಿಸಿ. ಕೊನೆಯ ಎರಡೂ ಬೇಕು. ಆಟದ ನಿಯಮ ಬರೆಯೋ ಕ್ಲಬ್ ಎಂಸಿಸಿಯ ನಿಯಮಗಳಲ್ಲಿ ‘ಬ್ಯಾಟರ್’ ಬಂದದ್ದು 2021ರಲ್ಲಿ, ಹಳೆಯ ಲೇಖನಗಳಲ್ಲಿ ‘ಬ್ಯಾಟ್ಸ್‌ಮನ್’ ಇರುತ್ತೆ.

ಪ್ರತಿ ಪದಕ್ಕೂ ಶೀರ್ಷಿಕೆ-ಸಾರಾಂಶದಲ್ಲಷ್ಟೇ ಹುಡುಕು ಅನ್ನೋ ಗುರುತು ([tiab]) ಹಾಕೋದು ಮರೀಬೇಡಿ. ಹಾಕದಿದ್ದರೆ ಪಬ್‌ಮೆಡ್ ತಾನೇ ಪದ ಹೊಂದಿಸಿಕೊಳ್ಳುತ್ತೆ; ಅದರ ವಿಷಯಪಟ್ಟಿಯಲ್ಲಿ ‘ಕ್ರಿಕೆಟ್ಸ್’ ಅಂದರೆ ‘ಗ್ರಿಲ್ಲಿಡೇ’, ಅಂದರೆ ಹುಳದ ಕುಟುಂಬ. ಏನಾಗಿ ಬದಲಾಗಿದೆ ಅನ್ನೋದು ಸುಧಾರಿತ ಹುಡುಕಾಟದ ಪುಟದ ವಿವರದಲ್ಲಿ ಕಾಣುತ್ತೆ. ನಕ್ಷತ್ರ ಚಿಹ್ನೆಗೆ ಮೊದಲು ಕನಿಷ್ಠ 4 ಇಂಗ್ಲಿಷ್ ಅಕ್ಷರ ಇರಬೇಕು.

ಉತ್ತರ 2 – ಚಲನಶಾಸ್ತ್ರ
ಮೇಲಿನ ಉತ್ತರ ಸರಿ. ಗಾಯದ ಕಡೆಯ ಪದಗಳಲ್ಲೂ ಎಚ್ಚರ ಬೇಕು. ಕೆಳಬೆನ್ನಿನ ಮೂಳೆ ಬಿರುಕಿಗೆ ಕೆಲವರು ‘ಲಂಬಾರ್ ಸ್ಟ್ರೆಸ್ ಫ್ರ್ಯಾಕ್ಚರ್’ ಅಂತಾರೆ, ಕೆಲವರು ‘ಸ್ಪಾಂಡಿಲೋಲಿಸಿಸ್’, ಎಂಆರ್‌ಐ ಅಧ್ಯಯನದೋರು ಅದರ ಮೊದಲ ಸುಳಿವಾದ ‘ಬೋನ್ ಮ್ಯಾರೋ ಎಡಿಮಾ’ (ಮೂಳೆಮಜ್ಜೆಯ ಊತ) ಬಗ್ಗೆ ಬರೀತಾರೆ. ಮೂರನ್ನೂ ಹಾಕಿ. ‘ಇಂಜುರಿ’ ಒಂದನ್ನೇ ನಂಬಬೇಡಿ, ಗಂಡು ಜೀರುಂಡೆಗಳ ಕಾಳಗದ ಲೇಖನಗಳಲ್ಲೂ ಗಾಯ, ಗೆಲುವು, ಸೋಲು ಎಲ್ಲ ಇರುತ್ತೆ.

ಎಲ್ಲ ವಿಷಯಗಳ ಲೇಖನ ಇರೋ ಸ್ಕೋಪಸ್ ತಾಣದಲ್ಲಿ ವಿಷಯ ವಿಭಾಗದಿಂದ ಶೋಧಿಸೋ ಆಸೆ ಆಗುತ್ತೆ, ಬೇಡ. ಆಟದ ಸಂಶೋಧನೆ ಚೆದುರಿ ಹೋಗಿದೆ. ಮಳೆ ಬಂದಾಗ ಗುರಿ ಬದಲಿಸೋ ಡಕ್ವರ್ತ್-ಲೂಯಿಸ್ ವಿಧಾನದ ಲೇಖನ 1998ರಲ್ಲಿ ಬಂದದ್ದು ಕಾರ್ಯಾಚರಣಾ ಸಂಶೋಧನೆಯ ಪತ್ರಿಕೆಯಲ್ಲಿ. ಚೆಂಡಿನ ಸ್ವಿಂಗ್ ಹುಡುಕಿದರೆ ದ್ರವ ಚಲನಶಾಸ್ತ್ರದಲ್ಲಿ ಸಿಗುತ್ತೆ. ‘ಕ್ರೀಡಾ ವಿಜ್ಞಾನ’ ಅಂತ ಗುರುತು ಹಾಕಿದರೆ ಇಂಥವು ಸದ್ದಿಲ್ಲದೆ ಜಾರಿಹೋಗ್ತವೆ.

ಪರೀಕ್ಷೆ ಹೀಗೆ ಮಾಡಿ: ಖಂಡಿತ ಬರಲೇಬೇಕಾದ 10 ಲೇಖನ ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಿ. ಒಂದು ತಪ್ಪಿದರೂ ಅದರ ಸಾರಾಂಶ ಓದಿ, ಯಾವ ಪದ ಬಿಟ್ಟಿದ್ದೀರಿ ಅಂತ ಗೊತ್ತಾಗುತ್ತೆ.

ಉತ್ತರ 3 – ರಾತ್ರಿ_ಹಾಡು
ಹುಳದ ಕಡೆಯಿಂದ ಹುಡುಕೋರಿಗೂ ಎರಡು ಮಾತು. ‘ಗ್ರಿಲ್ಲಿಡೇ’ ಒಂದೇ ಸಾಲದು. ‘ಮಾರ್ಮನ್ ಕ್ರಿಕೆಟ್’ ಹೆಸರಿಗೆ ಕ್ರಿಕೆಟ್, ಕುಟುಂಬ ಟೆಟ್ಟಿಗೋನಿಡೇ. ‘ಕ್ರಿಕೆಟ್ ಫ್ರಾಗ್’ ಅನ್ನೋದು ಕಪ್ಪೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ‘ಕ್ರಿಕೆಟ್ ಪ್ಯಾರಾಲಿಸಿಸ್ ವೈರಸ್’ ಲೇಖನಗಳಲ್ಲಿ ಎಷ್ಟೋ ಪ್ರೋಟೀನ್ ತಯಾರಿಕೆ ಕುರಿತ ಆಣ್ವಿಕ ಜೀವಶಾಸ್ತ್ರ.

ಹಾಡಿನ ಸಂಶೋಧನೆ ಬೇಕಾದರೆ ‘ಸ್ಟ್ರಿಡ್ಯುಲೇಶನ್’ (ಮೈಯ ಭಾಗ ಉಜ್ಜಿ ಸದ್ದು ಮಾಡೋದು), ‘ಫೋನೋಟ್ಯಾಕ್ಸಿಸ್’ (ಸದ್ದಿನ ಕಡೆ ಸಾಗೋದು) ಹಾಕಿ, ಆಟದ ಲೇಖನ ಒಂದೂ ಬರೋದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕೆಲಸ ಮಾಡಿದ ಜೀರುಂಡೆ ‘ಈಕ್ಯಾಂಥಸ್ ಹೆನ್ರಿಯೈ’ಯನ್ನು ಜಾತಿಯ ಹೆಸರಿನಿಂದಲೇ ಹುಡುಕಿ: ಅದರ ಗಂಡು ಎಲೆಗೆ ತೂತು ಕೊರೆದು, ಅಲ್ಲಿ ರೆಕ್ಕೆ ಎತ್ತಿ ಹಾಡಿ ಸದ್ದು ಹೆಚ್ಚಿಸಿಕೊಳ್ಳುತ್ತೆ. ಸದ್ದು ಕಡಿಮೆ ಇರೋ ಚಿಕ್ಕ ಗಂಡುಗಳೇ ಹೆಚ್ಚಾಗಿ ಈ ಉಪಾಯ ಮಾಡ್ತವೆ ಅಂತ 2020ರಲ್ಲಿ ಪ್ರಕಟವಾಯಿತು.

ಕನ್ನಡದಲ್ಲಿ ಹುಡುಕೋರು ಗಮನಿಸಿ: ‘ಜೀರುಂಡೆ’ ಅಂತ ಪತ್ರಿಕೆಗಳು ದುಂಬಿಗೂ ಬರೀತವೆ, ಹಗಲು ಕಿರುಚೋ ಸಿಕಾಡಕ್ಕೂ ಬರೀತವೆ. ಕುಟುಂಬದ ಹೆಸರು ಜೊತೆಗೆ ಹಾಕದೆ ಬೇರೆ ದಾರಿ ಇಲ್ಲ.