ಎಫ್‌ಎಸ್‌ಎಚ್ ನಾರ್ಮಲ್ ಬಂದಿದೆ, ಆದರೂ ಇದು ಮುಟ್ಟು ನಿಲ್ಲುವ ಲಕ್ಷಣವೇ?

ಪ್ರಶ್ನೆ:
ಅಕ್ಕನಿಗೆ 46. 28 ದಿನಕ್ಕೆ ಸರಿಯಾಗಿ ಆಗುತ್ತಿದ್ದ ಮುಟ್ಟು ಈಗ ಒಂದು ಸಲ 23ಕ್ಕೆ, ಇನ್ನೊಂದು ಸಲ 40ಕ್ಕೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಥೈರಾಯ್ಡ್ ಸರಿಯಿದೆ. ಎಫ್‌ಎಸ್‌ಎಚ್ (ಅಂಡಾಶಯವನ್ನು ಕೆಲಸಕ್ಕೆ ಹಚ್ಚಲು ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್) ಕೂಡ ನಾರ್ಮಲ್. ಹಾಗಾದರೆ ಇದು ಮೆನೋಪಾಸ್‌ಗೆ ಸಂಬಂಧಿಸಿದ್ದಲ್ಲವೇ? ಮತ್ತೆ ಪರೀಕ್ಷೆ ಮಾಡಿಸಬೇಕೇ?

ಉತ್ತರ 1:
ಒಂದು ರಿಪೋರ್ಟ್ ನೋಡಿ ಅಲ್ಲ ಅನ್ನಬೇಡಿ. ಈ ಹಂತದಲ್ಲಿ ಅಂಡಾಶಯ ಒಂದೇ ಸಮನೆ ಕುಗ್ಗುತ್ತಾ ಹೋಗುವುದಿಲ್ಲ. ಒಂದು ತಿಂಗಳು ಚೆನ್ನಾಗಿ ಕೆಲಸ ಮಾಡಿ ಈಸ್ಟ್ರೋಜನ್ (ಅಂಡಾಶಯ ಸ್ರವಿಸುವ ಹೆಣ್ಣು ಹಾರ್ಮೋನ್) ಏರಿದರೆ ಎಫ್‌ಎಸ್‌ಎಚ್ ಇಳಿಯುತ್ತದೆ, ಮುಂದಿನ ತಿಂಗಳು ಅದೇ ತಿರುಗುಮುರುಗು. ರಿಪೋರ್ಟಿನಲ್ಲಿ ಕಾಣುವುದು ರಕ್ತ ಕೊಟ್ಟ ದಿನದ ಸ್ಥಿತಿ ಅಷ್ಟೇ. 45 ದಾಟಿದವರಲ್ಲಿ ಲಕ್ಷಣ ಮತ್ತು ಮುಟ್ಟಿನ ತಾರೀಖು ನೋಡಿಯೇ ಹೇಳಬಹುದು. 40 ತುಂಬುವ ಮೊದಲೇ ಹೀಗಾದರೆ ಮಾತ್ರ ಪರೀಕ್ಷೆ ಬಿಡುವಂತಿಲ್ಲ.

ಅಕ್ಕ ತಾರೀಖು ಬರೆದಿಡಲಿ: ಶುರುವಾದ ದಿನ, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್. ಒಂದು ಚಕ್ರಕ್ಕೂ ಮುಂದಿನದಕ್ಕೂ 7 ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬರುತ್ತಿದ್ದರೆ ಪೆರಿಮೆನೋಪಾಸ್, ಅಂದರೆ ಮುಟ್ಟು ನಿಲ್ಲುವ ಮುಂಚಿನ ಏರುಪೇರಿನ ಹಂತ, ಶುರುವಾಗಿದೆ ಅಂತ. 60 ದಿನ ದಾಟಿಯೂ ಮುಟ್ಟಾಗದ ಅಂತರ ಕಂಡರೆ ಕೊನೆಯ ಮುಟ್ಟಿಗೆ ಸಾಮಾನ್ಯವಾಗಿ 1ರಿಂದ 3 ವರ್ಷ ಉಳಿದಿರುತ್ತದೆ. ಸತತ 12 ತಿಂಗಳು ಆಗದಿದ್ದರೆ ಮೆನೋಪಾಸ್. 11ನೇ ತಿಂಗಳಲ್ಲಿ ಆದರೆ ಎಣಿಕೆ ಮತ್ತೆ ಮೊದಲಿನಿಂದ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಲೆಕ್ಕವೂ ನಡೆಯದು, ಎಫ್‌ಎಸ್‌ಎಚ್ ಕೂಡ ನಂಬುವಂತಿಲ್ಲ.

ಉತ್ತರ 2:
ಬಿಸಿಯೇರುವುದನ್ನು ಗಮನಿಸಿ. ಎದೆಯಿಂದ ಕುತ್ತಿಗೆ, ಮುಖಕ್ಕೆ ಏರಿ, ಕೆಲವು ನಿಮಿಷ ಇದ್ದು, ಬೆವರು ಬಂದು ಆಮೇಲೆ ಚಳಿಯಾದರೆ ಅದು ಮುಟ್ಟು ನಿಲ್ಲುವ ಹಂತದ್ದೇ. ಈಸ್ಟ್ರೋಜನ್ ಇಳಿದಾಗ ಮೆದುಳಿನಲ್ಲಿ ಮೈಬಿಸಿ ನಿಭಾಯಿಸುವ ಭಾಗ ಅತಿಸೂಕ್ಷ್ಮವಾಗುತ್ತದೆ, ಚೂರು ಬಿಸಿಗೇ ಬೆವರಿಸಿಬಿಡುತ್ತದೆ. ಬೆವರಿನ ಜೊತೆ ಜ್ವರ ಇದ್ದರೆ, ತೂಕ ಇಳಿಯುತ್ತಿದ್ದರೆ ಕಾರಣ ಬೇರೆ ಇರಬಹುದು, ತೋರಿಸಿ. ಮುಟ್ಟು ತಪ್ಪಿದಾಗ ಗರ್ಭಪರೀಕ್ಷೆಯನ್ನೂ ಮಾಡಿ. ಈ ವಯಸ್ಸಿನಲ್ಲೂ ಗರ್ಭ ನಿಲ್ಲುತ್ತದೆ. 50ರೊಳಗೆ ಮುಟ್ಟು ನಿಂತವರು ಇನ್ನೂ 2 ವರ್ಷ, 50 ದಾಟಿದವರು 1 ವರ್ಷ ಗರ್ಭನಿರೋಧಕ ಬಿಡಬಾರದು.

ಉತ್ತರ 3:
ಇಲ್ಲಿ ಎಲ್ಲರೂ ಓದಲೇಬೇಕಾದ ಮಾತು ರಕ್ತಸ್ರಾವದ್ದು. "ನಿಲ್ಲುವ ಮೊದಲು ಜಾಸ್ತಿ ಹೋಗುತ್ತೆ ಬಿಡು" ಅಂತ ಸುಮ್ಮನಿರುವುದರಿಂದಲೇ ಎಷ್ಟೋ ಹೆಂಗಸರು ರಕ್ತಹೀನತೆಗೆ ಬೀಳುತ್ತಾರೆ. ಗಂಟೆಗೊಂದು ಪ್ಯಾಡ್ ತೊಯ್ದು, ಹಾಗೇ ಎರಡು ಗಂಟೆ ಮುಂದುವರಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆ ಬೀಳುವುದು, ಎರಡು ಮುಟ್ಟಿನ ನಡುವೆ ಕಲೆ, ಸಂಭೋಗದ ನಂತರ ರಕ್ತ, ಇವನ್ನೂ ತೋರಿಸಬೇಕು. 12 ತಿಂಗಳು ನಿಂತ ಮೇಲೆ ಒಂದೇ ಒಂದು ಕಲೆ ಕಂಡರೂ ಬಿಡಬೇಡಿ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ, ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೀಗೇ ಶುರುವಿನಲ್ಲಿ ಸಿಕ್ಕಿಬೀಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿ.ಮೀ.ಗಿಂತ ದಪ್ಪ ಇದ್ದರೆ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ತೆಳ್ಳಗಿದ್ದೂ ರಕ್ತ ಮರುಕಳಿಸಿದರೆ ಆಗಲೂ ಬಯಾಪ್ಸಿ ಬೇಕು.

ಉತ್ತರ 4:
ಹೇಳಲು ಸಂಕೋಚಪಡುವ ಒಂದು ಲಕ್ಷಣ ಉಳಿಯಿತು: ಯೋನಿ ಒಣಗುವುದು, ಸಂಭೋಗದಲ್ಲಿ ನೋವು, ಪದೇಪದೇ ಉರಿಮೂತ್ರ. ಬಿಸಿಯೇರುವುದು ವರ್ಷ ಕಳೆದಂತೆ ತಗ್ಗುತ್ತದೆ, ಇದು ಹಾಗಲ್ಲ, ಬಿಟ್ಟಷ್ಟೂ ಹೆಚ್ಚುತ್ತದೆ. ಆ ಜಾಗಕ್ಕೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ, ವೈದ್ಯರನ್ನು ಕೇಳಿ. ಮೊದಲೇ ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಕಡ್ಡಾಯವಾಗಿ ತಿಳಿಸಬೇಕು.